ಬೆನ್ನಿಗೆ ಯಾರು ಹಚ್ಚುತ್ತಾರೆ?

ಕೇಳುಗರಿಗೆಲ್ಲ ನಮಸ್ಕಾರ.

ರಾತ್ರಿ ಎರಡೂವರೆ. ಊರೆಲ್ಲ ಮಲಗಿದೆ. ನನಗೆ ಮಾತ್ರ ಎಚ್ಚರ. ಯಾಕೆ ಎಚ್ಚರವಾಯಿತು ಅಂತ ನೋಡಿದರೆ, ನನ್ನ ಬಲಗೈ ಎಡ ಮೊಣಕೈಯನ್ನು ಕೆರೆಯುತ್ತಿದೆ. ನಿದ್ದೆಯಲ್ಲೇ ಶುರು ಮಾಡಿಬಿಟ್ಟಿದೆ. ಉಗುರಿಗೆ ಒದ್ದೆ ತಗಲಿತು. ದೀಪ ಹಾಕಿ ನೋಡಿದೆ, ರಕ್ತ. ಹಾಸಿಗೆಯ ಮೇಲೆ ಬೆಳ್ಳಗೆ ಹೊಟ್ಟು ಉದುರಿದೆ. ಎದ್ದು ಹೊದಿಕೆ ಕೊಡವಿದೆ, ಗಾಯ ತೊಳೆದೆ, ಮುಲಾಮು ಹಚ್ಚಿದೆ. ಮತ್ತೆ ಮಲಗುವ ಹೊತ್ತಿಗೆ ಮೂರೂವರೆ.

ನನಗೀಗ 68 ವರ್ಷ. ಚರ್ಮದ ಮೇಲೆ ಹೊಟ್ಟೇಳುವ ಸೋರಿಯಾಸಿಸ್ ಎಂಬ ಕಾಯಿಲೆ ಬಂದಾಗ 31. ಅಂದರೆ ನನ್ನ ಬದುಕಿನ ಅರ್ಧಕ್ಕಿಂತ ಜಾಸ್ತಿ ಕಾಲ ಇದು ನನ್ನ ಜೊತೆಗಿದೆ. ಇಂಥ ರಾತ್ರಿಗಳು ನನಗೆ ಹೊಸದೇನಲ್ಲ. ಇಸುಬು ಇರುವವರಿಗೂ, ವಯಸ್ಸಿನಿಂದ ಚರ್ಮ ಒಣಗಿದವರಿಗೂ ಹೊಸದಲ್ಲ.

ನವೆ ರಾತ್ರಿಯೇ ಯಾಕೆ ಜಾಸ್ತಿ ಅಂತ ತುಂಬಾ ಜನ ಕೇಳುತ್ತಾರೆ. ರಾತ್ರಿ ಚರ್ಮ ಬೆಚ್ಚಗಾಗುತ್ತದೆ. ಚರ್ಮದಿಂದ ನೀರಿನಂಶ ಹಗಲಿಗಿಂತ ಹೆಚ್ಚಾಗಿ ಆರಿಹೋಗುತ್ತದೆ. ಉರಿಯೂತವನ್ನು ಅಂಕೆಯಲ್ಲಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಆ ಹೊತ್ತಿಗೆ ಕಡಿಮೆ ಇರುತ್ತದೆ. ಇದರ ಜೊತೆಗೆ ಇನ್ನೊಂದಿದೆ. ಹಗಲಲ್ಲಿ ಮನಸ್ಸು ನೂರು ಕಡೆ ಓಡಾಡುತ್ತಿರುತ್ತದೆ. ರಾತ್ರಿ ನಾವು, ನಮ್ಮ ನವೆ, ಇಬ್ಬರೇ.

ಇಷ್ಟೆಲ್ಲ ಅನುಭವಿಸಿದ ನಾವು ಡಾಕ್ಟರ ಹತ್ತಿರ ಹೋದಾಗ ಏನು ಮಾಡುತ್ತೇವೆ ಗೊತ್ತಾ? ಮೊದಲು ಸಕ್ಕರೆಯ ಮಾತು. ಆಮೇಲೆ ಬಿ.ಪಿ. ಆಮೇಲೆ ಮಂಡಿನೋವು, ಕಣ್ಣಿನ ಪೊರೆ, ಮಲಬದ್ಧತೆ. ಎಲ್ಲ ಮುಗಿದು, ಚೀಟಿ ಕೈಗೆ ಬಂದು, ಎದ್ದು ಬಾಗಿಲವರೆಗೆ ಹೋಗಿ, ಆಗ ತಿರುಗಿ ನಿಂತು ಹೇಳುತ್ತೇವೆ. "ಹಾಂ ಡಾಕ್ಟ್ರೇ, ಮೈ ಸ್ವಲ್ಪ ತುರಿಸುತ್ತೆ." ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಗಿರುತ್ತದೆ. "ವಯಸ್ಸಾಯ್ತಲ್ಲ, ಒಣ ಚರ್ಮ, ಏನಾದ್ರೂ ಹಚ್ಕೊಳ್ಳಿ" ಎಂಬ ಉತ್ತರ ಬರುತ್ತದೆ. ನಾವೂ ತಲೆಯಾಡಿಸಿ ಬರುತ್ತೇವೆ.

ನಾನು ಡಾಕ್ಟರನ್ನು ದೂರುತ್ತಿಲ್ಲ. ರಾತ್ರಿಯ ಒಂದು ಗಂಟೆ ನಿದ್ದೆ ತಿಂದ ಸಂಗತಿಯನ್ನು "ಸ್ವಲ್ಪ ತುರಿಸುತ್ತೆ" ಅಂತ ಹೇಳಿದವರು ನಾವೇ ಅಲ್ವಾ? ನಾಚಿಕೆ ನಮ್ಮ ನಾಲಿಗೆ ಹಿಡಿದಿರುತ್ತದೆ. ಹೃದಯದ ಕಾಯಿಲೆ ಹೇಳಿಕೊಳ್ಳಲು ಸಂಕೋಚವಿಲ್ಲ. ಚರ್ಮದ್ದು ಅಂದರೆ ಕೊಳೆ ಅಂತ ತಿಳಿದುಕೊಂಡಾರು ಎಂಬ ಭಯ.

"ವಯಸ್ಸಾಯ್ತಲ್ಲ" ಎಂಬ ಮಾತಿನಲ್ಲಿ ನಿಜವೂ ಇದೆ. ನಮ್ಮ ಚರ್ಮದ ಮೇಲ್ಪದರವನ್ನು ಒಂದು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ವಯಸ್ಸಾದಂತೆ ಗಾರೆ ಕಡಿಮೆಯಾಗುತ್ತದೆ. ಎಣ್ಣೆಗ್ರಂಥಿಗಳು ಸೋಲುತ್ತವೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇನ್ನೂ ಬೇಗ. ಸಂದಿಗಳಿಂದ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ಇಳಿಯುತ್ತವೆ. ಹರೆಯದಲ್ಲಿ ಚರ್ಮದ ಕೋಶವೊಂದು ಅಡಿಯಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಮುಪ್ಪಿನಲ್ಲಿ ಅದು ಇನ್ನೂ ನಿಧಾನ. ಗಾಯ ಮಾಯುವುದೂ ಅದಕ್ಕೇ ನಿಧಾನ. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಪ್ರಯಾಣ ವಾರದೊಳಗೆ ಮುಗಿದುಬಿಡುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಹೊಟ್ಟಾಗುತ್ತವೆ. ಹಾಗಾಗಿ ನನ್ನ ಒಂದೇ ತೋಳಿನಲ್ಲಿ ಒಂದು ಕಡೆ ಚರ್ಮ ನಿಧಾನ, ನಾಲ್ಕು ಬೆರಳು ಆಚೆ ಅದಕ್ಕೆ ವಿಪರೀತ ಅವಸರ.

ಆದರೆ ಎಲ್ಲ ನವೆಯನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡಬಾರದು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆರು ವಾರ ದಾಟಿದ ತುರಿಕೆಯನ್ನು ವೈದ್ಯರು ದೀರ್ಘಕಾಲದ ತುರಿಕೆ ಅನ್ನುತ್ತಾರೆ. ಅದರ ಹಿಂದೆ ಮೂತ್ರಪಿಂಡದ ತೊಂದರೆ ಇರಬಹುದು. ಪಿತ್ತ ಕಟ್ಟಿಕೊಂಡಿರಬಹುದು. ಥೈರಾಯ್ಡ್, ಕಬ್ಬಿಣದ ಕೊರತೆ, ಅಪರೂಪಕ್ಕೆ ರಕ್ತದ ಅಥವಾ ದುಗ್ಧಗ್ರಂಥಿಯ (ಲಿಂಫ್ ಗ್ರಂಥಿಯ) ಕ್ಯಾನ್ಸರ್ ಕೂಡ ಇರಬಹುದು. ಮೈಮೇಲೆ ಏನೂ ಕಾಣದೆ ಬರೀ ನವೆಯಿದ್ದರೆ ಒಂದು ರಕ್ತಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತುರಿಸುತ್ತಿದ್ದರೆ ಅದು ಕಜ್ಜಿಹುಳದ ಕೆಲಸವಿರಬಹುದು. ಹಾಗಿದ್ದರೆ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು. ಒಬ್ಬರು ಬಿಟ್ಟರೂ ಮತ್ತೆ ಶುರು. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ನವೆಯಿದ್ದು, ಆಮೇಲೆ ನೀರು ತುಂಬಿದ ದೊಡ್ಡ ಗುಳ್ಳೆ ಏಳುವ ಕಾಯಿಲೆಯೂ ಉಂಟು. ಅದಕ್ಕೆ ಬೇರೆಯೇ ಚಿಕಿತ್ಸೆ.

ಇನ್ನು ಸರ್ಪಸುತ್ತು. ಮೈಯ ಒಂದೇ ಪಕ್ಕದಲ್ಲಿ ಉರಿ, ಅದರ ಹಿಂದೆಯೇ ಪಟ್ಟಿಯ ಹಾಗೆ ಗುಳ್ಳೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಕಣ್ಣಿನ ಸುತ್ತ ಬಂದರಂತೂ ಅದೇ ದಿನ ಹೋಗಬೇಕು.

ಈಗ ಮುಲಾಮಿನ ವಿಷಯ. ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಬ್ಬ ಡಾಕ್ಟರು ಹದಿನೈದು ದಿನಕ್ಕೆ ಅಂತ ಒಂದು ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟರು. ನವೆ ಮೂರೇ ದಿನಕ್ಕೆ ಇಳಿಯಿತು. ಎಷ್ಟು ಹಿತವಾಯಿತು ಅಂದರೆ ನಾನು ಆ ಹಳೇ ಚೀಟಿ ತೋರಿಸಿಯೇ ಟ್ಯೂಬಿನ ಮೇಲೆ ಟ್ಯೂಬು ತಂದೆ. ಮೂರು ವರ್ಷ. ಯಾರೂ ಬೇಡ ಅನ್ನಲಿಲ್ಲ. ಕೊನೆಗೆ ಮೊಣಕೈ ಮಡಿಕೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಕೈಚೀಲದ ಪಟ್ಟಿ ಒತ್ತಿದರೂ ಅಲ್ಲಿ ನೇರಳೆ ಕಲೆ ಕಟ್ಟುತ್ತಿತ್ತು. ಆ ಕಲೆಗಳು ಈಗಲೂ ಬೇಗ ಹೋಗುವುದಿಲ್ಲ.

ಹಾಗಂತ ಸ್ಟೆರಾಯ್ಡ್ ಅಂದರೆ ವಿಷ ಅಂತ ಎಸೆಯುವುದೂ ತಪ್ಪು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಮೊದಲ ಸಲ ಚರ್ಮಕ್ಕೆ ಹಚ್ಚಿ ಗುಣ ಕಂಡರು. ಅದಕ್ಕಿಂತ ಮುಂಚೆ ನಮ್ಮಂಥವರಿಗೆ ಇದ್ದದ್ದು ಹೆಚ್ಚಾಗಿ ಟಾರು, ಗಂಧಕ, ಪಟ್ಟಿ. ಹದವರಿತು ಹಚ್ಚಿದರೆ ಅದು ದೊಡ್ಡ ಉಪಕಾರಿ. ಕೆಲವರು ಹೆದರಿ ಸಾಸಿವೆ ಕಾಳಷ್ಟು ಹಚ್ಚುತ್ತಾರೆ. ಕೆಲವರು ನನ್ನ ಹಾಗೆ ವರ್ಷಗಟ್ಟಲೆ ಬಳಿಯುತ್ತಾರೆ. ಇಬ್ಬರದೂ ತಪ್ಪೇ.

ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಒಂದು ಸುಲಭದ ಅಳತೆ ಇದೆ. ನಿಮ್ಮ ತೋರುಬೆರಳು ನೋಡಿಕೊಳ್ಳಿ. ತುದಿಯಿಂದ ಮೊದಲ ಗೆರೆಯವರೆಗೆ, ಅಂದರೆ ಬೆರಳಿನ ಮೊದಲ ಗಿಣ್ಣಿನವರೆಗೆ, ಟ್ಯೂಬಿನಿಂದ ಒಂದು ಎಳೆ ಮುಲಾಮು ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು. 1991ರಿಂದ ವೈದ್ಯರು ಈ ಬೆರಳತುದಿ ಲೆಕ್ಕ ಬಳಸುತ್ತಿದ್ದಾರೆ. ಒಂದು ಇಡೀ ತೋಳಿಗೆ ಮೂರು ಬೆರಳತುದಿ. ಒಂದು ಕಾಲಿಗೆ ಆರು. ಬೆನ್ನಿಗೆ ಏಳು. ಈ ಏಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಮಾತಿದೆ.

ಇದು ಸ್ಟೆರಾಯ್ಡಿನ ಲೆಕ್ಕ. ಬರೀ ಪಸೆ ಕೊಡುವ ಮುಲಾಮಿಗೆ ಈ ಜಿಪುಣತನ ಬೇಡ. ಮೈಯೆಲ್ಲ ಒಣಗಿದವರಿಗೆ ವಾರಕ್ಕೆ 250ರಿಂದ 500 ಗ್ರಾಂವರೆಗೆ ಬೇಕಾಗುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಟವಲಿನಿಂದ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಬೇಕು. ಕೂದಲು ಬೆಳೆದ ದಿಕ್ಕಿಗೆ ಮೆಲ್ಲಗೆ ಸವರಿ, ತಿಕ್ಕಬೇಡಿ. ಹಚ್ಚಿಕೊಂಡ ಕಾಲಲ್ಲಿ ಬಚ್ಚಲ ನೆಲದ ಮೇಲೆ ನಡೆಯಬೇಡಿ, ನಮ್ಮ ವಯಸ್ಸಿನಲ್ಲಿ ಒಂದು ಜಾರಿಕೆ ಸಾಕು. ಇನ್ನೊಂದು ಎಚ್ಚರಿಕೆ. ಈ ಜಿಡ್ಡಿನ ಮುಲಾಮು ಬಟ್ಟೆಗೆ, ಹೊದಿಕೆಗೆ ಇಳಿದು ಒಣಗಿರುತ್ತದೆ. ಅಂಥ ಬಟ್ಟೆಗೆ ಕಿಡಿ ತಗಲಿದರೆ ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಒಲೆಯ ಹತ್ತಿರ, ದೀಪದ ಹತ್ತಿರ ಹುಷಾರು.

ಕೆರೆದಷ್ಟೂ ಯಾಕೆ ಹಬ್ಬುತ್ತದೆ ಅನ್ನುವುದಕ್ಕೂ ಉತ್ತರವಿದೆ. 19ನೇ ಶತಮಾನದಲ್ಲಿ ಕೋಬ್ನರ್ ಎಂಬ ಜರ್ಮನ್ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಸೋರಿಯಾಸಿಸ್ ಇದ್ದವರಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ ಹೊಸ ಪಟ್ಟೆಗಳು ಎದ್ದಿದ್ದವು. ಗಾಯವಾದಲ್ಲಿ ಕಾಯಿಲೆ ಬಂದು ಕೂರುತ್ತದೆ. ನಮ್ಮ ಉಗುರೂ ಆ ಕುದುರೆಯ ಹಲ್ಲಿನ ಕೆಲಸವನ್ನೇ ಮಾಡುತ್ತದೆ. ಅದಕ್ಕೇ ನಾನು ವಾರಕ್ಕೆರಡು ಸಲ ಉಗುರು ಕತ್ತರಿಸುತ್ತೇನೆ. ನವೆ ಬಂದಾಗ ಒದ್ದೆ ಬಟ್ಟೆ ತಣ್ಣಗೆ ಒತ್ತಿ ಹಿಡಿಯುತ್ತೇನೆ. ಯಾವಾಗಲೂ ಆಗುತ್ತದೆ ಅನ್ನಲಾರೆ. ನಿದ್ದೆಯಲ್ಲಿರುವ ಕೈಗೆ ಯಾರು ಬುದ್ಧಿ ಹೇಳುತ್ತಾರೆ?

ವಯಸ್ಸಾದ ಮೇಲೆ ಇನ್ನೊಂದು ತೊಡಕು, ಮಾತ್ರೆಗಳು. ಬೇರೆ ಬೇರೆ ಡಾಕ್ಟರು ಬರೆದುಕೊಟ್ಟ ಮಾತ್ರೆಗಳೆಲ್ಲ ನಮ್ಮ ಮೈಯಲ್ಲೇ ಭೇಟಿಯಾಗುತ್ತವೆ. ಬಿ.ಪಿ.ಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಇವು ಕೆಲವರ ಸೋರಿಯಾಸಿಸ್ ಕೆರಳಿಸುತ್ತವೆ. ನವೆಗೆ ಅಂತ ಕೊಡುವ ನಿದ್ದೆ ಬರಿಸುವ ಹಳೇ ಅಲರ್ಜಿ ಮಾತ್ರೆಗಳಿಂದ ವಯಸ್ಸಾದವರಿಗೆ ಮಂಪರು, ಗಲಿಬಿಲಿ, ಮೂತ್ರ ಕಟ್ಟುವುದು ಆಗಬಹುದು. ರಾತ್ರಿ ಎದ್ದಾಗ ಬೀಳುವ ಅಪಾಯವೂ ಇದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಚರ್ಮದ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಮೆಥೊಟ್ರೆಕ್ಸೇಟ್ ತಗೊಳ್ಳುವವರಿಗೆ ಒಂದು ಮಾತು. ಚರ್ಮಕ್ಕೆ, ಕೀಲಿಗೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ಉಳಿದ ಮಾತ್ರೆಗಳ ಜೊತೆ ಸೇರಿಸಿ ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಕಣ್ಣು ಮಂಜಾದವರು ಮನೆಯವರಿಂದ ಬರೆಸಿ. ಮೂತ್ರಪಿಂಡ ಸೋತವರಿಗೆ ಇದು ಮೈಯಲ್ಲೇ ಉಳಿದುಬಿಡುತ್ತದೆ, ಅದಕ್ಕೇ ಆಗಾಗ ರಕ್ತಪರೀಕ್ಷೆ. ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಗಂಟೆಯಾದರೂ ಮಡಚಲು ಬಾರದಿದ್ದರೆ, ಒಂದು ಬೆರಳು ಪೂರ್ತಿ ಊದಿಕೊಂಡರೆ, ಅದನ್ನೂ ಹೇಳಿ. ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ. ವಯಸ್ಸಿನ ಕೀಲುನೋವು ಅಂತ ಸುಮ್ಮನಿದ್ದರೆ ಕೀಲು ಹಾಳಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಪಾದ ನೋಡಿಕೊಳ್ಳಬೇಕು, ದಿನಾ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಅಂಗಾಲಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ಬಗ್ಗಲಾಗದವರು ನೆಲದ ಮೇಲೆ ಒಂದು ಕನ್ನಡಿ ಇಟ್ಟು, ಅದರ ಮೇಲೆ ಪಾದ ಹಿಡಿದು ನೋಡಿ. ಹಿಮ್ಮಡಿಯ ಬಿರುಕು, ಬೆರಳ ಸಂದಿ, ಎರಡನ್ನೂ ಬಿಡಬೇಡಿ. ಮೈಯ ಎಲ್ಲೇ ಆಗಲಿ, ಒಂದು ತಿಂಗಳಾದರೂ ಮಾಯದ ಹುಣ್ಣು, ಬಣ್ಣವೋ ಆಕಾರವೋ ಬದಲಾಗುತ್ತಿರುವ ಮಚ್ಚೆ ಕಂಡರೆ ಅದನ್ನೂ ತೋರಿಸಬೇಕು.

ಒಮ್ಮೆ ಒಂದು ಅಂಗಡಿಯಲ್ಲಿ ನಾನು ಚಿಲ್ಲರೆಗೆ ಕೈ ಚಾಚಿದೆ. ಅಂಗಡಿಯವರು ನನ್ನ ಅಂಗೈ ನೋಡಿ, ಚಿಲ್ಲರೆಯನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ನನ್ನ ಕಡೆ ತಳ್ಳಿದರು. ಒಂದು ಮಾತೂ ಆಡಲಿಲ್ಲ. ಆ ನಾಣ್ಯಗಳನ್ನು ಒಂದೊಂದಾಗಿ ಎತ್ತಿಕೊಳ್ಳುವಾಗ ನನ್ನ ಕೈ ನಡುಗಿದ್ದು ಇವತ್ತಿಗೂ ನೆನಪಿದೆ. ಸೋರಿಯಾಸಿಸ್ ಮುಟ್ಟಿದರೆ ಅಂಟುವುದಿಲ್ಲ. ಇಸುಬು ಅಂಟುವುದಿಲ್ಲ. ತೊನ್ನು ಅಂಟುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆ ಒಂದು ನಿರ್ಣಯ ಮಾಡಿ, ಇದು ಹರಡದ, ನೋವಿನ, ಬಹುಕಾಲದ ಕಾಯಿಲೆ ಅಂತ ಹೇಳಿತು. ಅದು ಆ ಅಂಗಡಿಯವರೆಗೆ ತಲುಪಬೇಕು ಅಂತಲೇ ನಾನು ಈ ಮೈಕಿನ ಮುಂದೆ ಕೂತಿದ್ದೇನೆ.

ಈಗ ಆ ಏಳು ಬೆರಳತುದಿಯ ಮಾತು. ನನ್ನ ಯಜಮಾನರು ಇದ್ದಷ್ಟು ದಿನ ಬೆನ್ನಿಗೆ ಅವರೇ ಹಚ್ಚುತ್ತಿದ್ದರು. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ. ಅವರು ಹೋದ ಮೇಲೆ ನನ್ನ ತೋಳು ಮುಂದೆ ಬರುತ್ತಿತ್ತು, ಕಾಲು ಮುಂದೆ ಬರುತ್ತಿತ್ತು, ಬೆನ್ನು ಮಾತ್ರ ಹಿಂದೆಯೇ ಉಳಿಯಿತು. ಭುಜ ಬಿಗಿದುಕೊಂಡಿತ್ತು, ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಪ್ರತಿ ಭೇಟಿಯಲ್ಲೂ ಡಾಕ್ಟರು ಬೆನ್ನು ನೋಡಿ, ಔಷಧಿ ಹಿಡಿಯುತ್ತಿಲ್ಲವಲ್ಲ ಅಂತ ಇನ್ನೂ ಜೋರಿನ ಮುಲಾಮು ಬರೆದರು. ಔಷಧಿ ಬೆನ್ನಿಗೆ ತಲುಪುತ್ತಲೇ ಇಲ್ಲ ಅಂತ ನಾನು ಹೇಳಲಿಲ್ಲ. ಹೇಳಿದರೆ ಅಳು ಬರುತ್ತದೆ ಅಂತ ಗೊತ್ತಿತ್ತು. ಎರಡು ವರ್ಷ ಹೀಗೇ ಕಳೆಯಿತು.

ಒಂದು ದಿನ ತಂಗಿ ಬಂದಿದ್ದಳು. ಸ್ನಾನ ಮಾಡಿ ಬಂದ ನನ್ನ ಕುತ್ತಿಗೆಯ ಹಿಂದೆ ನೋಡಿ ಕೇಳಿದಳು. "ಅಕ್ಕಾ, ಬೆನ್ನಿಗೆ ಯಾರು ಹಚ್ಚುತ್ತಾರೆ?"

ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಏನೂ ಹೇಳಲಿಲ್ಲ. ಅವಳು ಟ್ಯೂಬು ತಗೊಂಡು ಬಂದು ಹಿಂದೆ ಕೂತಳು. ಅವಳ ಕೈ ತಣ್ಣಗಿತ್ತು.

ಈಗ ಅವಳು ಭಾನುವಾರ ಬರುತ್ತಾಳೆ. ಉಳಿದ ಆರು ದಿನಕ್ಕೆ ಒಂದು ಉದ್ದ ಹಿಡಿಯ ತುದಿಗೆ ಮೆತ್ತನೆ ಸ್ಪಂಜು ಕಟ್ಟಿಕೊಂಡಿದ್ದೇನೆ. ಸ್ಪಂಜು ಮುಲಾಮು ಕುಡಿಯದ ಹಾಗೆ ಅದಕ್ಕೊಂದು ಪ್ಲಾಸ್ಟಿಕ್ ಹಾಳೆ ಸುತ್ತುತ್ತೇನೆ. ಬೆನ್ನಿನ ನಡುವೆ ಒಂದು ಅಂಗೈಯಷ್ಟು ಜಾಗಕ್ಕೆ ಅದೂ ಸರಿಯಾಗಿ ತಲುಪುವುದಿಲ್ಲ. ಅದನ್ನು ಭಾನುವಾರಕ್ಕೆ ಬಿಟ್ಟಿದ್ದೇನೆ.

ನಮಸ್ಕಾರ.