ಕರೆಂಟ್ ಹೋದ ರಾತ್ರಿ ಕಲಿತಿದ್ದು

ಎಲ್ರಿಗೂ ನಮಸ್ಕಾರ. ಮಂಡ್ಯದ ವ್ಯಾಪಾರಸ್ಥರು ಇಷ್ಟು ಜನ ಅಂಗಡಿ ಬಾಗ್ಲು ಹಾಕ್ಕೊಂಡು ಬಂದಿದೀರಿ, ಹಂಗಾಗಿ ನೇರ ವಿಷ್ಯಕ್ಕೇ ಬರ್ತೀನಿ. ಬಿಸಿನೆಸ್ ಕಂಟಿನ್ಯುಟಿ ಪ್ಲಾನ್ ಅಂದ್ರೆ ದೊಡ್ಡ ಕಂಪ್ನಿಗಳಿಗೆ ಮಾತ್ರ ಅಂತ ನಾನೂ ಅಂದ್ಕೊಂಡಿದ್ದೆ, ಅದಕ್ಕೆ ಐಎಸ್‌ಒ 22301 ಅಂತ ಒಂದು ಸ್ಟ್ಯಾಂಡರ್ಡೇ ಇದೆ, ಆದ್ರೆ ತಿರುಳು ನಮ್ಮ ಅಂಗಡಿಗೂ ಅದೇನೆ: ಯಾವ ಕೆಲ್ಸ ನಿಲ್ಲಂಗಿಲ್ಲ, ನಿಂತ್ರೆ ಎಷ್ಟು ಹೊತ್ತು ತಡ್ಕೋಬೋದು, ಅಷ್ಟರೊಳಗೆ ಯಾರು ಏನ್ ಮಾಡ್ಬೇಕು.

ನಂದು ಮೆಡಿಕಲ್ ಶಾಪು. ಫ್ರಿಜ್ಜಲ್ಲಿ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರ್ಬೇಕು. ಒಂದು ಮಳೆಗಾಲ ನಾನು ಊರಲ್ಲಿಲ್ದಾಗ ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು, ಜನರೇಟರ್ ಇತ್ತು ಡೀಸೆಲ್ ಇರ್ಲಿಲ್ಲ, ನಮ್ಮುಡುಗ ಪಾಪ ಒಳ್ಳೇದಕ್ಕೇ ಅಂತ ಪಕ್ಕದ ಐಸ್‌ಕ್ರೀಮ್ ಅಂಗಡಿ ಡೀಪ್ ಫ್ರೀಜರಿಂದ ಐಸ್ ಪ್ಯಾಕ್ ತಂದು, ಥರ್ಮಾಕೋಲ್ ಡಬ್ಬದಲ್ಲಿ ಇನ್ಸುಲಿನ್ ವಯಲ್‌ಗಳನ್ನ, ಅಂದ್ರೆ ಆ ಸಣ್ಣ ಬಾಟ್ಲಿಗಳನ್ನ, ಐಸ್ ಪ್ಯಾಕ್ ಮಧ್ಯನೇ ಒತ್ತಿಟ್ಬುಟ್ಟ. ಬೆಳಿಗ್ಗೆ ನಾನು ಬಂದು ಒಂದು ವಯಲ್ ಎತ್ತಿ ಬೆಳಕಿಗೆ ಹಿಡಿದ್ರೆ ಒಳಗೆಲ್ಲ ಬಿಳಿ ಹರಳು. ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ಮೇಲೂ ಬಳಸಂಗಿಲ್ಲ, ಪೂರ್ತಿ ಸ್ಟಾಕ್ ಬಿಸಾಕ್ದೆ. ಆಗ ಕೌಂಟರ್ ಮುಂದೆ ಒಬ್ರು ಅಜ್ಜಿ ಡಾಕ್ಟ್ರ ಚೀಟಿ ಹಿಡ್ಕೊಂಡು ನಿಂತಿದ್ರು, ಅವರ ಮುಖ ನನಗೆ ಇವತ್ತಿಗೂ ಮರೆಯಕ್ಕಾಗಿಲ್ಲ.

ಹುಡುಗಂದು ತಪ್ಪಲ್ಲ, ನಾನು ಹೇಳ್ಕೊಟ್ಟೇ ಇರ್ಲಿಲ್ಲ. ಸಪ್ಲೈಯರ್ ನಂಬರ್, ಎಲೆಕ್ಟ್ರಿಷಿಯನ್ ನಂಬರ್ ಎಲ್ಲ ನನ್ನ ಮೊಬೈಲಲ್ಲೇ ಇತ್ತು, ಅದು ಅವತ್ತು ಸ್ವಿಚ್ ಆಫ್. ಈಗ ಫ್ರಿಜ್ ಬಾಗ್ಲಿಗೇ ಒಂದು ಹಾಳೆ ಲ್ಯಾಮಿನೇಟ್ ಮಾಡಿ ಅಂಟಿಸಿದೀನಿ: 112, 108, ನಾಲ್ಕು ನಂಬರ್ರು, ನಾನಿಲ್ದಾಗ ಯಾರದು ಜವಾಬ್ದಾರಿ, ಐಸ್ ಪ್ಯಾಕ್ ಬೆವರೋವರ್ಗೂ ಹೊರಗಿಟ್ಟು ಬಟ್ಟೆ ಸುತ್ತಿ ಆಮೇಲೆ ಇಡು, ಥರ್ಮಾಮೀಟರ್ ನೋಡು, ಅಷ್ಟೇ. ಇನ್ನೊಂದು ಏರಿಯಾದ ಅಂಗಡಿಯವ್ರ ಫ್ರಿಜ್ಜಲ್ಲಿ ಜಾಗ ಕೊಡೋದಕ್ಕೂ ಮಾತಾಗಿದೆ, ಅವರದು ಕೆಟ್ರೆ ನಮ್ಮಲ್ಲಿ.

ಬಿಲ್ಲಿಂಗ್ ಬ್ಯಾಕಪ್ಪೂ ಹಂಗೇನೆ, ಪೆನ್‌ಡ್ರೈವ್ ಕಂಪ್ಯೂಟರ್ ಪಕ್ಕದ ಡ್ರಾಯರಲ್ಲೇ ಇದ್ರೆ ನೀರು ನುಗ್ಗಿದಾಗ ಎರಡೂ ಹೋಗುತ್ತೆ, ಒಂದು ಕಾಪಿ ಮನೇಲಿ ಇಡಿ. ರಸ್ತೆ ವಿಷ್ಯನೂ ಅಷ್ಟೇ. 2019ರ ಆಗಸ್ಟಲ್ಲಿ ಕಬಿನಿ ನೀರು ಮಲ್ಲನಮೂಲೆ ಮಠದ ಹತ್ರ ಹೈವೇಗೆ ಬಂದು ಮೈಸೂರು-ನಂಜನಗೂಡು ಓಡಾಟನೇ ನಿಂತಿತ್ತಲ್ಲ, ಮಾಲಿಗೆ ಒಂದೇ ದಾರಿ ನಂಬ್ಕೊಂಡಿದ್ದೋರ ಗತಿ ಯೋಚ್ನೆ ಮಾಡಿ. ನಮ್ಮ ಕೆಆರ್‌ಎಸ್ ಡ್ಯಾಮ್ ನೀರು ಪೂರ್ತಿ ಮಟ್ಟ 124.80 ಅಡಿ ಮುಟ್ಟೋಕೆ ಬಂದ್ರೆ ಶ್ರೀರಂಗಪಟ್ಟಣದ ನದಿ ದಡದೋರು ಹೊರಹರಿವು ಎಷ್ಟು ಕ್ಯೂಸೆಕ್ ಅಂತ ದಿನಾ ವಿಚಾರಿಸ್ತಾರೆ, ಆ ಅಭ್ಯಾಸ ಅಂಗಡಿಯೋರಿಗೂ ಬರ್ಬೇಕು.

ಬರೆದಿಟ್ರೆ ಸಾಲಲ್ಲ, ಮಾಡಿ ನೋಡ್ಬೇಕು. ತಿಂಗಳಿಗೊಂದ್ಸಲ ನಾನು ಮೈನ್ ಸ್ವಿಚ್ ಆಫ್ ಮಾಡಿ ಸುಮ್ನೆ ಕೂತ್ಕೋತೀನಿ. ಮೊದಲ್ನೇ ಸಲ ಇನ್ಸುಲಿನ್ ಸಾಗ್ಸಕ್ಕೆ 40 ನಿಮಿಷ ಹಿಡೀತು, ಟಾರ್ಚ್ ಸೆಲ್ ಸೋರಿ ತುಕ್ಕಾಗಿತ್ತು. ಹೋದ ತಿಂಗಳು ಅದೇ ಹುಡುಗ 12 ನಿಮಿಷದಲ್ಲಿ ಮುಗಿಸ್ದ. ಆ ಹಾಳೆ ಕಾಪಿಗಳು ಬಾಗ್ಲತ್ರ ಟೇಬಲ್ ಮೇಲಿವೆ, ತಗೊಂಡೋಗಿ ನಿಮ್ಮ ಅಂಗಡಿಗೆ ತಕ್ಕಂಗೆ ತಿದ್ಕೊಳಿ.