ಮುಲಾಮು ಮನೆಯಲ್ಲೇ ಇತ್ತು

ಕೇಳುಗರಿಗೆ ನಮಸ್ಕಾರ. ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಇವತ್ತು ನನಗೆ ಕೊಟ್ಟಿರುವ ವಿಷಯ "ಶುಶ್ರೂಷೆಯಲ್ಲಿ ಬೋಧನೆ ಬೆಳೆದು ಬಂದ ಬಗೆ". ಹೆಸರು ಕೇಳಿ ರೇಡಿಯೊ ಆರಿಸಬೇಡಿ. ನಾನು ಹೇಳುವುದು ಒಂದೇ ಮಾತು. ಹೇಳಿಕೊಡುವುದೂ ಶುಶ್ರೂಷೆಯೇ. ಪುರುಸೊತ್ತಿದ್ದರೆ ಮಾಡುವ ಕೆಲಸ ಅಲ್ಲ ಅದು. ಇಂಜೆಕ್ಷನ್ ಹೇಗೋ ಹಾಗೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ದೀಪ ಹಿಡಿದ ಚಿತ್ರ ನೆನಪಾಗುತ್ತದೆ, ಅಲ್ವಾ? ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಆಕೆಯ ನರ್ಸಿಂಗ್ ಶಾಲೆ ಶುರುವಾಯಿತು, ಅದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲೇ, 1859ರಲ್ಲಿ, ಆಕೆ ಒಂದು ಪುಟ್ಟ ಪುಸ್ತಕ ಬರೆದರು. ಅದು ನರ್ಸುಗಳಿಗಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರಿಗೆ. ಕಿಟಕಿ ತೆಗೆಯಿರಿ, ನೀರು ಚೊಕ್ಕಟವಾಗಿರಲಿ, ಬೆಳಕು ಬರಲಿ. ನೋಡಲು ಬಂದವರು "ಏನೂ ಆಗಲ್ಲ ಬಿಡಿ" ಅಂತ ಸುಮ್ನೆ ಮಾತಾಡಿ ರೋಗಿಯ ತಲೆ ತಿನ್ನುವುದರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ನಮ್ಮ ವಾರ್ಡುಗಳಲ್ಲಿ ಸಂಜೆ ನಾಲ್ಕು ಗಂಟೆಗೆ ಅದನ್ನು ಮೈಕಿನಲ್ಲಿ ಓದಿಸಬೇಕು! ಮುಂದೆ 1892ರಲ್ಲಿ, ಎಪ್ಪತ್ತು ದಾಟಿದ ಮೇಲೂ, ಬಕಿಂಗ್‌ಹ್ಯಾಮ್‌ಶೈರಿನ ಹಳ್ಳಿಗಳಿಗೆ ತರಬೇತಿ ಪಡೆದ ಹೆಂಗಸರನ್ನು ಕಳಿಸುವ ಕೆಲಸದ ಹಿಂದೆ ಆಕೆ ಇದ್ದರು. ಭಾಷಣ ಮಾಡಿ ಬಂದರೆ ಸಾಲದು, ತಾಯಂದಿರ ಮನೆಯೊಳಗೆ ಹೋಗಿ ಹೇಳಿಕೊಡಬೇಕು ಅನ್ನುವುದು ಆಕೆಯ ಹಟ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯರು ಇದನ್ನು ನೂರು ಸಲ ಕೇಳಿ ಸುಸ್ತಾಗಿದ್ದಾರೆ. ನೀವು ಒಂದು ಸಲ ಕೇಳಿ.

1893ರ ಮಾರ್ಚ್. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್. ಯುರೋಪಿನಿಂದ ವಲಸೆ ಬಂದ ಬಡವರು ಇಕ್ಕಟ್ಟಾದ ವಠಾರಗಳಲ್ಲಿ ತುಂಬಿಕೊಂಡಿದ್ದ ಜಾಗ. ಲಿಲಿಯನ್ ವಾಲ್ಡ್ ಎಂಬ ನರ್ಸ್ ಅಲ್ಲಿನ ಹೆಂಗಸರಿಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಪಾಠ ಮಾಡುತ್ತಿದ್ದರು. ಆ ದಿನದ ಪಾಠ ಹಾಸಿಗೆ ಹಾಸುವುದು. ಹೊರಗೆ ಜಿಟಿಜಿಟಿ ಮಳೆ. ಒಬ್ಬ ಪುಟ್ಟ ಹುಡುಗಿ ಬಂದು, ಅಮ್ಮನಿಗೆ ಹುಷಾರಿಲ್ಲ ಬನ್ನಿ ಅಂತ ಕರೆದುಕೊಂಡು ಹೋದಳು. ಕೊಳಕು ಬೀದಿ, ಕೊಳಕು ಮೆಟ್ಟಿಲು, ಒಳಗೆ ಹೋದರೆ ಎರಡು ದಿನದಿಂದ ರಕ್ತಸ್ರಾವವಾಗುತ್ತಿದ್ದ ಬಾಣಂತಿ. ಆಗ ವಾಲ್ಡ್ ವೈದ್ಯಕೀಯ ಓದುತ್ತಿದ್ದರು. ಡಾಕ್ಟರಾಗುವುದು ಅಲ್ಲಿಗೇ ನಿಂತಿತು. ಕಾಲೇಜು ಬಿಟ್ಟು, ಗೆಳತಿ ಮೇರಿ ಬ್ರೂಸ್ಟರ್ ಜೊತೆ ಅದೇ ಬಡಾವಣೆಯಲ್ಲಿ ಮನೆ ಮಾಡಿದರು. 1895ರ ಹೊತ್ತಿಗೆ ಹೆನ್ರಿ ಸ್ಟ್ರೀಟಿನಲ್ಲಿ ನರ್ಸುಗಳ ಮನೆಯೇ ಆಯಿತು.

ಅಲ್ಲಿ ಅವರಿಗೆ ಒಬ್ಬ ಹುಡುಗ ಸಿಕ್ಕಿದ. ಹನ್ನೆರಡು ವರ್ಷ, ತಲೆ ತುಂಬಾ ಹುಣ್ಣು. ಕೈಯಲ್ಲೊಂದು ಕೂಸು ಇಟ್ಟುಕೊಂಡೇ ತಾಯಿ ಕಟುಕರ ಏಪ್ರನ್ ಒಗೆದು ಹೊಟ್ಟೆ ಹೊರೆಯುತ್ತಿದ್ದಳು. ಹುಡುಗ ಶಾಲೆಗೆ ಹೋದಾಗಲೆಲ್ಲ ಟೀಚರು ಮನೆಗೆ ಕಳಿಸುತ್ತಿದ್ದರಂತೆ. ಬೀದಿದೀಪದ ಕಂಬದ ಮೇಲಿನ ಹೆಸರು ಓದಲಿಕ್ಕೂ ಬರದು ಅಂತ ಅವನಿಗೇ ನಾಚಿಕೆ. ಈಗ ಗಮನವಿಟ್ಟು ಕೇಳಿ. ಅವನು ದವಾಖಾನೆಗೆ ಹೋಗಿರಲಿಲ್ಲವೇ? ಎಷ್ಟೋ ಸಲ ಹೋಗಿದ್ದ. ಮುಲಾಮು ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ಮುಲಾಮು ಇದ್ದೂ ಹುಣ್ಣು ಹಾಗೇ ಇತ್ತು. ವಾಲ್ಡ್ ಹೊಸ ಔಷಧಿ ಏನೂ ತರಲಿಲ್ಲ. ಅದೇ ಮುಲಾಮು, ಸರಿಯಾಗಿ ಹಚ್ಚಿದ್ದು ಅಷ್ಟೇ. ಆ ಸೆಪ್ಟೆಂಬರಿನಲ್ಲಿ ಹುಡುಗ ಹುಟ್ಟಿದ ಮೇಲೆ ಮೊದಲ ಸಲ ಶಾಲೆಗೆ ಸೇರಿದ.

ಕಥೆ ಇನ್ನೂ ಇದೆ. ನ್ಯೂಯಾರ್ಕ್ ಶಾಲೆಗಳಲ್ಲಿ ಡಾಕ್ಟರು ಮಕ್ಕಳನ್ನು ಪರೀಕ್ಷೆ ಮಾಡಿ, ಹೇನು, ಕಜ್ಜಿ, ಕಣ್ಣುಬೇನೆ ಇದ್ದವರನ್ನು ಮನೆಗೆ ಕಳಿಸುತ್ತಿದ್ದರು. ಕಳಿಸಿದರೆ ಮುಗಿಯಿತು. ಆ ಮಕ್ಕಳು ಸಂಜೆ ಬೀದಿಯಲ್ಲಿ ಶಾಲೆ ಮಕ್ಕಳ ಜೊತೆಗೇ ಆಡುತ್ತಿದ್ದವು! ಏನು ಮಾಡಬೇಕೆಂದು ತಾಯಂದಿರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. 1902ರ ಅಕ್ಟೋಬರಿನಲ್ಲಿ ವಾಲ್ಡ್ ಪಟ್ಟು ಹಿಡಿದು, ಲೀನಾ ರೋಜರ್ಸ್ ಎಂಬ ನರ್ಸನ್ನು ಒಂದು ತಿಂಗಳ ಪ್ರಯೋಗಕ್ಕೆ ಅಂತ ಕೊಟ್ಟರು. ಒಬ್ಬಳು ನರ್ಸ್, ನಾಲ್ಕು ಶಾಲೆ. ಶಾಲೆಯಲ್ಲಿ ಸಣ್ಣಪುಟ್ಟ ಗಾಯ ತೊಳೆದು ಮಗುವನ್ನು ತರಗತಿಗೆ ಕಳಿಸುವುದು, ಆಮೇಲೆ ಮನೆಮನೆಗೆ ಹೋಗಿ ತಾಯಿಗೆ ಹೇಳಿಕೊಡುವುದು. ತಿಂಗಳು ಮುಗಿಯುವಷ್ಟರಲ್ಲಿ ಊರಿನವರಿಗೆ ನಂಬಿಕೆ ಬಂತು, ಇನ್ನಷ್ಟು ನರ್ಸುಗಳು ಬಂದರು. ನರ್ಸ್ ಬರುವ ಮೊದಲು, 1902ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ, ಮಕ್ಕಳನ್ನು ಶಾಲೆಯಿಂದ ಮನೆಗೆ ಕಳಿಸಿದ್ದು 10 ಸಾವಿರಕ್ಕೂ ಜಾಸ್ತಿ ಸಲ. ಮುಂದಿನ ವರ್ಷ ಅದೇ ತಿಂಗಳು ಸುಮಾರು 1,100. ಕಾಯಿಲೆಗಳು ಅವೇ, ಔಷಧಿ ಅದೇ. ಹೇಳಿಕೊಡುವವರು ಬಂದರು ಅಷ್ಟೇ.

ಅಯ್ಯೋ, ಗಡಿಯಾರ ನೋಡಿದರೆ ಮುಗಿಯುತ್ತಾ ಬಂತು. ಮಿಕ್ಕಿದ್ದನ್ನು ಓಡಿಸುತ್ತೇನೆ. ಹೇಳಿಕೊಡುವುದು ನರ್ಸಿನ ಕೆಲಸವೇ ಅಂತ ಅಮೆರಿಕದ ನರ್ಸಿಂಗ್ ಶಿಕ್ಷಣದ ಸಂಸ್ಥೆ 1918ರಲ್ಲೇ ಹೇಳಿತು. ತನ್ನ ಕಾಯಿಲೆ ಏನೆಂದು ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ರೋಗಿಯ ಹಕ್ಕು ಅಂತ ಅಲ್ಲಿನ ಆಸ್ಪತ್ರೆಗಳ ಸಂಘ 1973ರಲ್ಲಿ ಒಪ್ಪಿತು. ನಮ್ಮ ಹಳ್ಳಿಗಳಲ್ಲಿ ಈ ಕೆಲಸವನ್ನು ಎಎನ್‌ಎಂ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು ಕಾಲು ಸವೆಸಿ ಮಾಡುತ್ತಿದ್ದಾರೆ. ಅವರ ಬಗ್ಗೆ ಇನ್ನೊಂದು ಸಲ ಕರೆದರೆ ಮಾತಾಡುತ್ತೇನೆ.

ಆದರೆ ಇದೊಂದನ್ನು ಬಿಡಲಾರೆ. ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಭೇದಿಯಾಗಿದ್ದ ಮಗುವಿನ ತಾಯಿಯ ಕೈಗೆ ಓಆರ್‌ಎಸ್ ಪ್ಯಾಕೆಟ್ ಕೊಟ್ಟು "ನೀರಿಗೆ ಹಾಕಿ ಕುಡಿಸಮ್ಮ, ಗೊತ್ತಾಯ್ತಾ?" ಅಂದರು. ಅವಳು ಹೂಂ ಅಂದಳು. ಯಾರು ತಾನೇ ಇಲ್ಲ ಅಂತಾರೆ? ಒಂದು ಲೀಟರ್ ನೀರಿಗೆ ಹಾಕಬೇಕಾದ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದಿದ್ದಳು. ಹಾಗೆ ಗಟ್ಟಿಯಾಗಿ ಕಲಸಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೇ ಅಪಾಯ. ಎರಡು ಬೆಡ್ ಆಚೆ ನಿಂತಿದ್ದ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಅವಳ ಮೇಲಲ್ಲ. "ಗೊತ್ತಾಯ್ತಾ" ಅಂತ ಕೇಳಬಾರದು ಕಣ್ರಮ್ಮ, "ನೀವೇ ಒಂದ್ಸಲ ಮಾಡಿ ತೋರಿಸಿ" ಅನ್ನಬೇಕು. ಸಿಸ್ಟರ್ ಕೇಳದಿದ್ದರೆ ನೀವೇ ಕೇಳಿ, "ನಿಲ್ಲಿ ಸಿಸ್ಟರ್, ನಾನು ಮಾಡ್ತೀನಿ, ಸರಿ ಇದೆಯಾ ನೋಡಿ" ಅಂತ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ನೀರು, ಕುದಿಸಿ ಆರಿಸಿದ್ದು. ಲೋಟ ಅಲ್ಲ, ಲೀಟರ್. ನಮಸ್ಕಾರ.