ತಳ ಕಂಡ ಹಗೇವು

ಕೇಳುಗರೇ, ನಮಸ್ಕಾರ.

ದಾವಣಗೆರೆಯಲ್ಲಿ ಹತ್ತು ವರ್ಷದಿಂದ ರಕ್ತ ಕೊಡುತ್ತಾ ಬಂದವಳು ನಾನು. ವರ್ಷಕ್ಕೆ ಮೂರು ಸಲ, ತಪ್ಪದೆ. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು ಅಂತ ನಿಯಮ ಇದೆ. ನಾನು 120 ತುಂಬಿದ ಮಾರನೇ ದಿನವೇ ಎಲ್ಲಿ ಶಿಬಿರ ಇದೆ ಅಂತ ಕೇಳುತ್ತಿದ್ದೆ. ಕಳೆದ ವರ್ಷ ಒಂದು ಶಿಬಿರದಲ್ಲಿ ನನ್ನನ್ನು ವಾಪಸ್ ಕಳಿಸಿದರು.

ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುತ್ತಾರಲ್ಲ, ನೋಡಿರುತ್ತೀರಿ. ಅದು ಮೈಲುತುತ್ತದ ನೀರು. ಚನ್ನಗಿರಿ ಕಡೆ ಅಡಿಕೆ ತೋಟ ಇರುವವರಿಗೆ ಚೆನ್ನಾಗಿ ಗೊತ್ತು, ಬೋರ್ಡೋ ದ್ರಾವಣಕ್ಕೆ ಹಾಕುವುದೂ ಅದನ್ನೇ. ರಕ್ತದಲ್ಲಿ ಕಬ್ಬಿಣ ಸೇರಿ ಆಗುವ ಕೆಂಪು ಅಂಶ, ಅಂದರೆ ಹಿಮೋಗ್ಲೋಬಿನ್, 12.5 ಇದ್ದರೆ ಹನಿ 15 ಸೆಕೆಂಡಿನೊಳಗೆ ಮುಳುಗುತ್ತದೆ. ನನ್ನದು ಸ್ವಲ್ಪ ಇಳಿಯಿತು, ನಡುವೆ ನಿಂತಿತು, ಮತ್ತೆ ಮೇಲಕ್ಕೆ ಬಂತು. ಅಲ್ಲೇ ಕೂತು ಅಳು ಬಂದುಬಿಟ್ಟಿತು.

ಡಾಕ್ಟರು ಫೆರಿಟಿನ್ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಿದರು. 15ಕ್ಕಿಂತ ಕೆಳಗೆ ಹೋದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಮುಗಿದಿದೆ ಅಂತ ಅರ್ಥ. ನನಗಿದ್ದದ್ದು 9.

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದರು. ಅಡುಗೆಮನೆಯ ಹಿಟ್ಟಿನ ಡಬ್ಬಿ ತುಂಬಿದೆ ಅಂದ ಮಾತ್ರಕ್ಕೆ ಹಗೇವು ತುಂಬಿದೆ ಅಂತಲ್ಲ, ಅಲ್ವಾ? ಹಿಮೋಗ್ಲೋಬಿನ್ ಅಂದರೆ ಆ ಡಬ್ಬಿ, ಫೆರಿಟಿನ್ ಹೇಳುವುದು ಹಗೇವಿನ ಲೆಕ್ಕ. ಶಿಬಿರದಲ್ಲಿ ನೋಡುವುದು ಡಬ್ಬಿಯನ್ನು ಮಾತ್ರ. ಹಗೇವು ಪೂರಾ ಬರಿದಾಗಿ ಡಬ್ಬಿಯೂ ಇಳಿಯುವ ತನಕ ಹನಿ ಮುಳುಗುತ್ತಲೇ ಇರುತ್ತದೆ, ನಾವೂ ಗಟ್ಟಿಯಾಗಿದ್ದೇವೆ ಅಂದುಕೊಂಡು ಕೊಡುತ್ತಲೇ ಇರುತ್ತೇವೆ.

ಲೆಕ್ಕ ಹೇಳುತ್ತೇನೆ ಕೇಳಿ. ಒಂದು ಸಲ 350 ಮಿಲಿ ಕೊಟ್ಟರೆ ಅದರ ಜೊತೆ ಸುಮಾರು 150 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹೆಂಗಸರ ದಾಸ್ತಾನೇ ಸುಮಾರು 300. ಊಟದಿಂದ ದಿನಕ್ಕೆ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ, ಅದರಲ್ಲೂ ಬಹುಪಾಲು ದಿನದ ಖರ್ಚಿಗೆ, ತಿಂಗಳ ಮುಟ್ಟಿಗೆ ಹೋಗಿಬಿಡುತ್ತದೆ. ಕೊಟ್ಟ ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕಬ್ಬಿಣ ಹಾಗಲ್ಲ. ಅಮೆರಿಕದಲ್ಲಿ ದಾನಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳದವರ ಪೈಕಿ ಮೂವರಲ್ಲಿ ಇಬ್ಬರಿಗೆ 24 ವಾರ ಕಳೆದರೂ ಕಬ್ಬಿಣ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಮೈ ನನಗೆ ಮೊದಲೇ ಹೇಳುತ್ತಿತ್ತು. ಅಕ್ಕಿ ಆರಿಸಲು ಮೊರ ಹಿಡಿದು ಕೂತರೆ ಒಂದೊಂದೇ ಹಿಡಿ ಹಸಿ ಅಕ್ಕಿ ಬಾಯಿಗೆ ಹೋಗುತ್ತಿತ್ತು, ಅತ್ತೆ ಬೈದರೂ ಬಿಡಲು ಆಗುತ್ತಿರಲಿಲ್ಲ. ರಾತ್ರಿ ಮಲಗಿದರೆ ಕಾಲು ಆಡಿಸುತ್ತಲೇ ಇರಬೇಕು ಅನಿಸುತ್ತಿತ್ತು. ಸುಮ್ನೆ ಚಾಳಿ, ಸುಮ್ನೆ ಸುಸ್ತು ಅಂದುಕೊಂಡಿದ್ದೆ. ಎರಡೂ ಕಬ್ಬಿಣ ಕಡಿಮೆಯಾದ ಗುರುತು ಇರಬಹುದು ಅಂತ ಗೊತ್ತಾದದ್ದು ಡಾಕ್ಟರು ಕೇಳಿದ ಮೇಲೆ. ಐಸ್ ಅಗಿಯಬೇಕು, ಮಣ್ಣು ತಿನ್ನಬೇಕು ಅಂತ ಆಸೆಯಾಗುವುದೂ ಇದೇ ಸಾಲಿಗೆ ಸೇರಿದ್ದು.

ದಯವಿಟ್ಟು ಇದನ್ನು ಕೇಳಿ ರಕ್ತ ಕೊಡುವುದನ್ನು ನಿಲ್ಲಿಸಬೇಡಿ. ಹೆರಿಗೆಯಲ್ಲಿ ರಕ್ತ ಹೋದ ತಾಯಿಗೆ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಕಾಯಿಲೆ ಇರುವ ಮಗುವಿಗೆ ನಮ್ಮ ರಕ್ತವಲ್ಲದೆ ಬೇರೆ ದಾರಿ ಇಲ್ಲ. ಆದರೆ ವರ್ಷಕ್ಕೆ ಎರಡು ಮೂರು ಸಲ ಕೊಡುವವರು ಒಮ್ಮೆ ಫೆರಿಟಿನ್ ನೋಡಿಸಿ. ಕಡಿಮೆ ಇದ್ದರೆ ಡಾಕ್ಟರು ಮಾತ್ರೆ ಬರೆಯುತ್ತಾರೆ. ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಕಬ್ಬಿಣ ಜಾಸ್ತಿಯಾದರೂ ಕಷ್ಟವೇ. ನುಗ್ಗೆಸೊಪ್ಪು, ಹುರುಳಿ ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ರೊಟ್ಟಿ ಊಟ ಮುಗಿದ ಕೂಡಲೇ ಚಹಾ ಕುಡಿಯುವ ಅಭ್ಯಾಸ ನಮ್ಮೂರಲ್ಲಿ ಬಹಳ. ಚಹಾ ಊಟದ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ, ಒಂದು ಗಂಟೆ ತಡೆಯಿರಿ.

ಶಿಬಿರ ನಡೆಸುವ ಸಂಘದವರಿಗೂ ಒಂದು ಮಾತು. ಸರ್ಟಿಫಿಕೇಟ್, ಹಣ್ಣು, ಬಿಸ್ಕತ್ತಿನ ಜೊತೆ ಫೆರಿಟಿನ್ ಬಗ್ಗೆ ನಾಲ್ಕು ಸಾಲಿನ ಒಂದು ಚೀಟಿ ಕೊಡಿ. ನನಗೆ ಅಂಥದ್ದೊಂದು ಚೀಟಿ ಸಿಕ್ಕಿದ್ದರೆ ಎರಡು ವರ್ಷ ಅಕ್ಕಿ ಅಗಿಯುತ್ತಾ ಕೂರುತ್ತಿರಲಿಲ್ಲ.

ಐದು ತಿಂಗಳು ಮಾತ್ರೆ ತೆಗೆದುಕೊಂಡೆ. ಅಕ್ಕಿಯ ಆಸೆ ಎರಡೇ ವಾರದಲ್ಲಿ ಹೋಯಿತು. ಈಗ ವರ್ಷಕ್ಕೆ ಒಂದೇ ಸಲ ಕೊಡುತ್ತೇನೆ. ಮುಂದಿನ ಸರದಿ ಜನವರಿಯಲ್ಲಿ, ಅದಕ್ಕೆ ಮೊದಲು ಫೆರಿಟಿನ್ ನೋಡಿಸಬೇಕು. ನಮಸ್ಕಾರ.